ಉಡಿ ತುಂಬುವ ಕೈ

ಚರ್ಚಿನಲ್ಲಿ ಪ್ರಸಂಗ ಮಾಡುವವರ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಬೇಕು. ಅವರ ತುಟಿ ನಮಗೆ ಕಾಣಬೇಕು, ನಾವು ಅವರಿಗೆ ಅಡ್ಡ ಬರಬಾರದು. ಅವರು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಂಡ ಕೂಡಲೇ ನಮ್ಮದು ಶುರುವಾಗಬೇಕು. ತಡವಾದರೆ ಜನ ಕೆಮ್ಮಲು ಹತ್ತುತ್ತಾರೆ. ಬೇಗ ಆದರೆ ಇಬ್ಬರ ಮಾತೂ ಹಾಳು.

ಇದನ್ನೆಲ್ಲ ನನಗೆ ಯಾರೂ ಕಲಿಸಿರಲಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದವಳಿಗೆ ದುಭಾಷಿಯ ಕೆಲಸ ತಾನಾಗಿಯೇ ಬರುತ್ತದೆ ಎಂದು ಹಾನಗಲ್ಲಿನ ನಮ್ಮ ಸಭೆಯ ಅಯ್ಯನವರು ನಂಬಿದ್ದರು. ನಮ್ಮ ಕಡೆ ಸಭಾಪಾಲಕರನ್ನು ಕರೆಯುವುದೇ ಹಾಗೆ. ನಾನೂ ನಂಬಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಆಡೂರಿನ ದಾರಿಯ ಹೊಲಗಳಲ್ಲಿ ಅವ್ವ ಕಳೆ ತೆಗೆಯುವಾಗ ಬದುವಿನ ಮೇಲೆ ಕೂತು ಓದಿದವಳು. ಆ ಡಿಗ್ರಿಯ ಬಗ್ಗೆ ನನಗೆ ಹೆಮ್ಮೆ ಇದೆ. ಅದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಬಂದವರು ಕೀನ್ಯಾ ದೇಶದ ಒಬ್ಬ ಪ್ರಸಂಗಿ. ಅರವತ್ತು ದಾಟಿದ, ಎತ್ತರದ, ಮೆಲುದನಿಯ ಹೆಂಗಸು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಸಣ್ಣ ಸಣ್ಣ ಸಭೆಗಳಲ್ಲಿ ಇದ್ದು, ಕೆಲಸ ಮಾಡಿ, ವಾಕ್ಯ ಹೇಳಿ ಹೋಗಲು ಬಂದಿದ್ದರು. ಬೇಕಾದ ಪರವಾನಗಿಯನ್ನೆಲ್ಲ ಹಿರಿಯರು ಮೊದಲೇ ಮಾಡಿಸಿದ್ದರು. ವಿದೇಶದವರೆಂದರೆ ಬಿಳಿಯರು ಎಂದುಕೊಂಡಿದ್ದ ನಮ್ಮ ಜನ ಹೂವಿನ ಹಾರ ಹಿಡಿದು ಕಾರಿನ ಬಾಗಿಲನ್ನೇ ನೋಡುತ್ತಿದ್ದರು. ಅವರು ಇಳಿದ ಮೇಲೆ ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ನನ್ನ ಅವ್ವ ಹಾರ ಕಸಿದುಕೊಂಡು ಮುಂದೆ ಹೋದಳು.

"ಏನ್ ನೋಡ್ತೀರಿ ಬಾಯಿ ತಕ್ಕೊಂಡು? ನಮ್ಮನ್ಯಾಗಿನಾಕಿ ಕಂಡಂಗ ಕಾಣ್ತಾಳ. ಬರ್ರಿ, ಬರ್ರಿ ಯವ್ವಾ."

ತಮ್ಮನ್ನು ಮಾಮಾ ಎಂದು ಕರೆಯಿರಿ, ನಮ್ಮಲ್ಲಿ ತಾಯಿಗೆ ಹಾಗೇ ಅನ್ನುವುದು ಎಂದು ಅವರು ಹೇಳಿದರು. ಸೋದರಮಾವನಿಗೆ ಮಾಮಾ ಎನ್ನುವ ನಮ್ಮ ಮಕ್ಕಳು ಬಿದ್ದು ಬಿದ್ದು ನಕ್ಕವು. ಕೊನೆಗೆ ಎಲ್ಲರಿಗೂ ಅವರು ಅಮ್ಮಾರು ಆದರು.

ಹಾನಗಲ್ಲಿನ ಮೊದಲ ಆರಾಧನೆ ಕೆಟ್ಟಿತು. ಅವರು ಹೇಳಿದ್ದನ್ನೆಲ್ಲ ನಾನು ಒಂದೂ ಬಿಡದೆ ಹೇಳಿದ್ದೆ. "ದೈವಸೇವಕಿಯವರು ತಿಳಿಸುವುದೇನೆಂದರೆ" ಎಂದು ಶುರುಮಾಡಿ, ತರಗತಿಯಲ್ಲಿ ಪಾಠ ಹೇಳುವ ಕನ್ನಡದಲ್ಲಿ, ಕರ್ತೃ ಕರ್ಮ ಎಲ್ಲ ಸರಿಯಿಟ್ಟು. ಅವರು ನಗುವ ಮಾತು ಹೇಳಿದರೆ ಯಾರೂ ನಗಲಿಲ್ಲ. ಅವರು ಕಣ್ಣು ಒರೆಸಿಕೊಂಡರೆ ಹಿಂದಿನ ಸಾಲಿನವರು ಗಡಿಯಾರ ನೋಡಿದರು. ಆರಾಧನೆ ಮುಗಿದ ಮೇಲೆ ನಾನು ಹೊಗಳಿಕೆ ಕೇಳಲು ಅವ್ವನ ಹತ್ತಿರ ಹೋದೆ.

"ರೇಡಿಯೋದಾಗ ವಾರ್ತಾ ಓದಿದಂಗ ಓದಿದಿ," ಅಂದಳು. "ಆಕಿ ಮಾತಿನಾಗ ಏನೋ ಇತ್ತು. ನಿನ್ನ ಬಾಯಿಗೆ ಬರೂದ್ರಾಗ ಎಲ್ಲಾ ತಣ್ಣಗಾತು."

ಸಿಟ್ಟು ಬಂತು. ಆದರೆ ಸಭೆ ಕೆಮ್ಮಿದ್ದು ನನ್ನ ಕಿವಿಗೂ ಬಿದ್ದಿತ್ತು. ಮರುದಿನ ಚಹಾ ಕುಡಿಯುವಾಗ ಅಮ್ಮಾರು ನನಗೆ ಎರಡು ಮಾತು ಹೇಳಿದರು. ಒಂದು: ನಾನು "ನಾನು" ಎಂದರೆ ನೀನೂ "ನಾನು" ಎನ್ನು, ನಡುವೆ ಬೇಲಿ ಹಾಕಬೇಡ. ಎರಡು: ಅಲ್ಲಿ ಕೂತವರಲ್ಲಿ ಒಬ್ಬರನ್ನು ಆರಿಸಿಕೋ, ಅವರೊಬ್ಬರಿಗೇ ಹೇಳು.

ನಾನು ಅವ್ವನನ್ನು ಆರಿಸಿಕೊಂಡೆ. ಅಲ್ಲಿಂದ ಪ್ರತಿ ಆರಾಧನೆಗೆ ಮುಂಚೆ ನಾವಿಬ್ಬರೂ ಕೂತು ಅಂದಿನ ಪ್ರಸಂಗವನ್ನು ತುಂಡು ತುಂಡು ಮಾಡುತ್ತಿದ್ದೆವು. ಅವರು ಉದ್ದ ವಾಕ್ಯಗಳನ್ನು ಮುರಿಯುತ್ತಿದ್ದರು. ನಾನು ಪುಸ್ತಕದ ಪದ ಬಂದಲ್ಲೆಲ್ಲ ಹೊಲದ ಪದ ಹುಡುಕುತ್ತಿದ್ದೆ. ಹುಡುಕಲು ಬಹಳ ದೂರ ಹೋಗಬೇಕಿರಲಿಲ್ಲ, ಅವರೂ ರೈತರೇ. ಅವರೂ ಗೋವಿನಜೋಳ ಬೆಳೆಯುತ್ತಾರೆ, ಅವರ ಹೊಲಕ್ಕೂ ಅದೇ ಕಾಂಡ ಕೊರೆಯುವ ಹುಳ ಬರುತ್ತದೆ. ಶಿಗ್ಗಾವಿಯಲ್ಲಿ ಅವರು, "ನನ್ನ ಹೊಲಕ್ಕೆ ಮಂಗ ಬಂದಾಗ ನಾನು ಪ್ರಾರ್ಥನೆ ಮಾಡುವುದಿಲ್ಲ, ಕಲ್ಲು ಹುಡುಕುತ್ತೇನೆ" ಎಂದರು. ನಾನು, "ನನ್ನ ಹೊಲಕ್ಕ ಮಂಗ್ಯಾ ಬಂದ್ರ ಕಣ್ಣು ಮುಚ್ಚಿ ಪ್ರಾರ್ಥನಾ ಮಾಡೂದಿಲ್ರೀ, ಕಲ್ಲು ಹುಡುಕ್ತೇನಿ" ಎಂದೆ. ಸಭೆ ಘೊಳ್ಳೆಂದು ನಕ್ಕಿತು. ಮೂರನೇ ಸಾಲಿನಲ್ಲಿ ಅವ್ವ ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ನನ್ನ ಮಗಳು ಎಂದು ಹೇಳುತ್ತಿದ್ದಿರಬೇಕು.

ಹುಲಗೂರು ದಾಟಿ ಸವಣೂರಿಗೆ ಹೋದ ದಿನ ಬಿಡುವಿತ್ತು. ಮಠದ ಅಂಗಳದ ದೊಡ್ಡ ಹುಣಸೆ ಮರಗಳನ್ನು ತೋರಿಸಲು ಕರೆದೊಯ್ದೆ. ಹತ್ತು ಮಂದಿ ಕೈಕೈ ಹಿಡಿದರೂ ತಬ್ಬಲಾಗದ ಬೊಡ್ಡೆ. ಹುಣಸೆ ಎಂದು ಹೆಸರಷ್ಟೆ, ಆಫ್ರಿಕಾದ ಮರ ಅದು, ಯಾವ ಕಾಲದಲ್ಲೋ ಯಾರೋ ತಂದು ನೆಟ್ಟದ್ದು. ಅಮ್ಮಾರು ಮರ ನೋಡಿದವರೇ ನನ್ನ ಕೈ ಬಿಟ್ಟರು. ಹತ್ತಿರ ಹೋಗಿ ಬೊಡ್ಡೆಗೆ ಎರಡೂ ಅಂಗೈ ಒತ್ತಿ ತಮ್ಮ ಭಾಷೆಯಲ್ಲಿ ಏನೋ ಅಂದರು. ಅದು ನನಗೂ ತಿಳಿಯದ ಭಾಷೆ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: ಮದುವೆಗೆ ಮೊದಲು ನನ್ನ ಗಂಡ ಇಂಥ ಮರದ ಕೆಳಗೇ ನನಗಾಗಿ ಕಾಯುತ್ತಿದ್ದ. ಅವನು ತೀರಿಕೊಂಡು ಬಹಳ ವರ್ಷವಾಯಿತು. ಆ ಮಾತು ನನಗೆ ಹೇಳಿದ್ದು, ಸಭೆಗಲ್ಲ. ಹಾಗಾಗಿ ನನ್ನಲ್ಲೇ ಉಳಿಯಿತು.

ಕೊನೆಯ ತಂಗುದಾಣ ಹಿರೇಕೆರೂರಿನ ಆಚೆ, ಅಬಲೂರಿನ ದಿಕ್ಕಿನ ಒಂದು ಹಳ್ಳಿ. ಅಮ್ಮಾರು ಉಳಿದದ್ದು ನನ್ನ ಸಣ್ಣವ್ವನ ಮನೆಯಲ್ಲಿ. ಅವ್ವನ ಚಿಕ್ಕಪ್ಪನ ಮಗಳು ಅವಳು. ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಗಂಡ ಹೊಲದಲ್ಲಿ ಹಾವು ಕಚ್ಚಿ ಹೋದ. ಆ ಸಭೆ ನಿಂತಿರುವುದೇ ಸಣ್ಣವ್ವನ ಮೇಲೆ. ಕೀರ್ತನೆ ಎತ್ತುವುದು ಅವಳು, ಹೆಂಗಸರ ಕೂಟ ನಡೆಸುವುದು ಅವಳು, ರೋಗಿಗಳ ಮನೆಗೆ ಗಂಜಿ ಹೊರುವುದು ಅವಳು.

ಅಮ್ಮಾರು ಬಂದ ದಿನವೇ ಹಿತ್ತಲಿನ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕತೊಡಗಿದರು. ಸಣ್ಣವ್ವ ಓಡಿ ಬಂದಳು.

"ಏ, ಎಬಸ ಅವರನ್ನ! ಬಂದವರ ಕೈಲೆ ಭಾಂಡೆ ತಿಕ್ಕಿಸಿದ್ಲು ಅಂತ ಊರ ಮಂದಿ ನನ್ನ ಮಾರಿಗೆ ಉಗಳ್ತಾರ."

ನಾನು ತಿರುಗಿಸಿ ಹೇಳಿದೆ. ಸೇವೆಗೆಂದು ಬಂದೆ, ಬರೀ ಮಾತಾಡಿ ಹೋದರೆ ನನ್ನ ಊರಿನವರು ನನ್ನ ಮುಖಕ್ಕೆ ಉಗುಳುತ್ತಾರೆ ಎಂದರು ಅಮ್ಮಾರು. ಸಣ್ಣವ್ವ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ಯೋಚಿಸಿದಳು.

"ಹಂಗಾರ ತಳಾ ಚಂದಂಗ ತಿಕ್ಕಾಕ ಹೇಳ. ಕರಿ ಹಂಗ ಉಳದೈತಿ."

ಅಂದಿನಿಂದ ಅವರಿಬ್ಬರಿಗೂ ನಾನು ಬೇಡವಾದೆ. ಒಬ್ಬಳು ರೊಟ್ಟಿ ಬಡಿಯುವಳು, ಇನ್ನೊಬ್ಬಳು ಒಲೆಗೆ ಕಟ್ಟಿಗೆ ಇಡುವಳು. ಒಬ್ಬಳು ಕನ್ನಡದಲ್ಲಿ ಬೈಯುವಳು, ಇನ್ನೊಬ್ಬಳು ಯಾವುದೋ ಭಾಷೆಯಲ್ಲಿ ನಗುವಳು.

ಕೊನೆಯ ಭಾನುವಾರದ ಆರಾಧನೆಗೆ ಒಂದು ದಿನ ಮೊದಲು ಅದೇ ಮನೆಯಲ್ಲಿ ಕುಬಸವಿತ್ತು. ಸಣ್ಣವ್ವನ ಮಗಳಿಗೆ ಏಳು ತಿಂಗಳು. ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಶಿಣದ ಬೇರು, ಎಲೆಯಡಿಕೆ ತುಂಬುವುದು ನಮ್ಮ ಸೀಮೆಯ ಎಲ್ಲ ಮನೆಗಳಲ್ಲೂ ಇದೆ. ನಮ್ಮ ಅಜ್ಜಂದಿರು ಸಭೆಗೆ ಸೇರಿದಾಗ ಆರತಿ ಬಿಟ್ಟರು, ಅದರ ಜಾಗಕ್ಕೆ ಪ್ರಾರ್ಥನೆ ಬಂತು. ಹಾಡು ಬದಲಾಯಿತು. ಉಡಿ ತುಂಬುವುದು ಉಳಿಯಿತು. ಅದರ ಜೊತೆಗೆ, ಯಾರೂ ಕರೆಯದಿದ್ದರೂ ಹಿತ್ತಲ ಬಾಗಿಲಿನಿಂದ ಇನ್ನೊಂದೂ ಒಳಗೆ ಬಂತು. ಉಡಿ ತುಂಬುವವರು ಮುತ್ತೈದೆಯರೇ ಆಗಿರಬೇಕು. ಗಂಡ ಹೋದವಳು ಆ ಹೊತ್ತಿಗೆ ತಾನಾಗಿಯೇ ಒಳಗೆ ಸರಿಯುತ್ತಾಳೆ. ಯಾವ ಪ್ರಸಂಗದಲ್ಲೂ ಅಯ್ಯನವರು ಹಾಗೆ ಮಾಡಿ ಎಂದಿಲ್ಲ, ಮಾಡಬೇಡಿ ಎಂದೂ ಇಲ್ಲ.

"ನೀ ಹೊರಗ ಬರೂದಿಲ್ಲೇನ ಸಣ್ಣವ್ವ?" ಎಂದು ಬೆಳಿಗ್ಗೆಯೇ ಕೇಳಿದೆ. ಅವಳು ಹೋಳಿಗೆಯ ಹೂರಣ ರುಬ್ಬುತ್ತಿದ್ದಳು.

"ಒಲಿ ಮುಂದ ಒಬ್ಬರರ ಇರಬೇಕಲ್ಲ ಬೇ," ಅಂದಳು, ತಲೆ ಎತ್ತದೆ.

ನಡುಮನೆಯಲ್ಲಿ ಜಮಖಾನ ಹಾಸಿ ಹುಡುಗಿಯನ್ನು ಕೂರಿಸಿದರು. ಕೀರ್ತನೆಯಾಯಿತು. ಅದನ್ನು ಎತ್ತಿದ್ದು ಸಣ್ಣವ್ವನೇ, ಅಡುಗೆಮನೆಯ ಒಳಗಿನಿಂದ. ಅಲ್ಲಿಯ ಅಯ್ಯನವರು ಪ್ರಾರ್ಥನೆ ಮಾಡಿ, ಗಂಡಸರನ್ನು ಕರೆದುಕೊಂಡು ಹೊರಗೆ ಬೇವಿನ ನೆರಳಿಗೆ ಹೋದರು. ಅವ್ವನನ್ನು ಬಿಡಲು ಬಂದಿದ್ದ ನನ್ನ ಗಂಡನೂ ಹೊರಗೆ ತನ್ನ ಬೈಕಿನ ಮೇಲೆ ಕೂತಿದ್ದ. ಇನ್ನು ಹೆಂಗಸರ ರಾಜ್ಯ. ಅದರ ಯಜಮಾನಿಕೆ ನನ್ನ ಅವ್ವನದು.

"ಮೊದಲ ಉಡಿ ಅಮ್ಮಾರು ತುಂಬ್ಲಿ," ಎಂದಳು ಅವ್ವ, ಅಕ್ಕಿಯ ತಾಟು ಎತ್ತಿ. "ಅಷ್ಟು ದೂರದಿಂದ ಬಂದಾರ, ದೇವರ ಮಾತು ಹೇಳೂ ಬಾಯಿ."

ಎಲ್ಲರೂ ಹೌದೌದು ಎಂದರು. ಮೂಲೆಯಲ್ಲಿದ್ದ ನೆರೆಮನೆಯವಳು ಮಾತ್ರ ಕುತ್ತಿಗೆ ಉದ್ದ ಮಾಡಿದಳು.

"ಅವರ ಮನಿಯವರು ಅದಾರೇನ್ರಿ? ಕೊಳ್ಳಾಗ ಏನೂ ಕಾಣವಲ್ತು."

"ಅವರ ದೇಶದಾಗ ಹಾಕೂದಿಲ್ಲ ಕಾಣಸ್ತದ," ಎಂದಳು ಅವ್ವ. ಆದರೆ ಅವಳ ಕೈಯಲ್ಲಿನ ತಾಟು ಅಲ್ಲಿಯೇ ನಿಂತಿತು. "ಏ, ಕೇಳ ಅವರನ್ನ."

ನನ್ನ ಮುಖದಲ್ಲಿ ಏನು ಕಂಡಿತೋ, ಅವ್ವ ನನ್ನ ತೋಳು ಹಿಡಿದು ಎಳೆದುಕೊಂಡಳು. ಕಿವಿಯ ಹತ್ತಿರ ಪಿಸುಗುಟ್ಟಿದಳು. "ಏನರ ಇರ್ಲಿ. ಅದಾನ ಅಂತ ಹೇಳಿಬಿಡು. ಆಕಿಗೇನ್ ತಿಳೀತದ? ಮುಗದು ಹೋಗ್ತದ."

ಮುಗಿದು ಹೋಗುತ್ತಿತ್ತು. ಅಮ್ಮಾರಿಗೆ ತಿಳಿಯುತ್ತಿರಲಿಲ್ಲ. ಎಲ್ಲರ ಮಾನವೂ ಉಳಿಯುತ್ತಿತ್ತು. ಅವರು ಉಡಿ ತುಂಬುತ್ತಿದ್ದರು, ಹೋಳಿಗೆ ಉಣ್ಣುತ್ತಿದ್ದೆವು, ಅಡುಗೆಮನೆಯ ಬಾಗಿಲಿನ ಆಚೆ ಇದ್ದವಳು ಅಲ್ಲೇ ಇರುತ್ತಿದ್ದಳು. ಅಷ್ಟು ದಿನ ಆ ಹೆಂಗಸಿನ ಬಾಯಾಗಿ ನಿಂತಿದ್ದೆ. ಅವರ ಗಂಡ ಇಲ್ಲವೆಂದು ಸವಣೂರಿನ ಮರದ ಕೆಳಗೆ ಕೇಳಿ ತಿಳಿದಿದ್ದರೂ, ಅವರನ್ನು ಕೇಳದೆ ಅವರ ಪರವಾಗಿ ಉತ್ತರ ಕೊಡಲು ನಾನ್ಯಾರು? ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಅವರ ಬೆನ್ನ ಹಿಂದೆ ಸತ್ಯ ಹೇಳಲೂ ಬರಲಿಲ್ಲ. ಅವ್ವನ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿಗೆ ತಿರುಗಿಸಿದೆ. ಯಾಕೆ ಕೇಳುತ್ತಿದ್ದಾರೆ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿದೆ.

ಅಮ್ಮಾರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ ಸಮಾಧಾನದಿಂದ ಉತ್ತರ ಕೊಟ್ಟು ಉಸಿರು ತೆಗೆದುಕೊಂಡರು. ನನ್ನ ಸರದಿ ಬಂತು.

"ನನ್ನ ಗಂಡ ತೀರಿಕೊಂಡಾನ," ಎಂದೆ. "ಭಾಳ ವರ್ಷಾತು."

ಅವ್ವನ ಕೈಯಿಂದ ತಾಟು ಬೀಳುವುದೊಂದು ಬಾಕಿ.

"ಬಿಡ್ತು ಅನ್ನ! ಬಿಡ್ತು ಅನ್ನ ಮೊದಲ! ನಿನ್ನ ಗಂಡ ಹೊರಗ ಬೈಕಿನ ಮ್ಯಾಲ ಗುಂಡಕಲ್ಲಿನಂಗ ಕುಂತಾನ!"

ಹೆಂಗಸರೆಲ್ಲ ನಕ್ಕರು. ನಾನೂ ಬಿಡ್ತು ಅಂದೆ, ಎರಡು ಸಲ. ನಗು ಇಳಿದ ಮೇಲೆ ಉಳಿದದ್ದು ಆ ಉತ್ತರ. ತಾಟು ಯಾರ ಕೈಗೆ ಹೋಗಬೇಕು ಎಂದು ಯಾರಿಗೂ ತಿಳಿಯಲಿಲ್ಲ. ಈಗ ಪ್ರಸಂಗ ಶುರುವಾಗುತ್ತದೆ ಎಂದುಕೊಂಡೆ. ಹೆಂಗಸರಲ್ಲಿ ಭೇದವಿಲ್ಲ ಎಂದೇನಾದರೂ ಹೇಳುತ್ತಾರೆ, ನಾನು ಅವ್ವನ ಮುಖ ನೋಡಿ ಅದನ್ನು ಹೇಳಬೇಕಾಗುತ್ತದೆ ಎಂದು ಗಂಟಲು ಸರಿಮಾಡಿಕೊಂಡೆ. ಅಮ್ಮಾರು ಇಷ್ಟೇ ಹೇಳಿದರು: ಇದು ನಿಮ್ಮ ಮನೆ, ನಾನು ಅತಿಥಿ, ನೀವು ಹೇಳಿದಲ್ಲಿ ಕೂರುತ್ತೇನೆ. ಹೇಳಿ, ಗೋಡೆಗೆ ಒರಗಿ ಜಮಖಾನದ ಅಂಚಿನಲ್ಲಿ ಕೂತರು.

ಆಗ ಬಾಯಿಬಿಟ್ಟವಳು ಹಸಿರು ಸೀರೆಯ ಹುಡುಗಿ.

"ಹಂಗಾರ ನಮ್ಮವ್ವನೂ ಬರೂಹಂಗಿಲ್ಲ. ಹೌದಿಲ್ಲ ದೊಡ್ಡವ್ವ?"

ಅವ್ವ ತಾಟನ್ನು ಇನ್ನೊಂದು ಕೈಗೆ ಬದಲಿಸಿದಳು. ಎಲ್ಲರಿಗೂ ಗೊತ್ತಿದ್ದ ಮಾತೇ. ಯಾರೂ ಬಾಯಲ್ಲಿ ಆಡಿರಲಿಲ್ಲ, ಅಷ್ಟೆ.

"ನೀ ಸುಮ್ನ ಕುಂಡ್ರ," ಎಂದು ಒಳಗಿನಿಂದ ಸಣ್ಣವ್ವನ ದನಿ ಬಂತು. "ನನಗ ಯಾರೂ ಬ್ಯಾಡ ಅಂದಿಲ್ಲ. ನಾನ ಬರೂದಿಲ್ಲ."

"ಯಾಕ?"

"ಯಾಕ ಅಂತ ಕೇಳ್ತಿ? ಹೋದ ಸಲ ಗೊತ್ತಾದ ಕೂಡಲೇ ನಿನ್ನ ಕೈಗೆ ಬಳಿ ಇಡಿಸಿದಾಕಿ ಯಾರು? ನಾನ. ಮುಂದ ಏನಾತು? ಕೂಸು ಉಳೀತೇನು?" ಅವಳು ಬಾಗಿಲಿಗೆ ಬಂದಿದ್ದಳು. ಮೊಣಕೈವರೆಗೂ ಹಿಟ್ಟು. "ಮಂದಿ ಏನೂ ಅಂದಿಲ್ಲವ್ವಾ. ನನಗ ನಾನ ಅಂದ್ಕೊಂಡೇನಿ. ಈ ಸಲ ಏನರ ಆದ್ರ ಈ ಕೈ ಕಡಕೊಳ್ಳಲೇನು ನಾ?"

ಅವಳು ಸಂಪ್ರದಾಯಕ್ಕೆ ತಲೆಬಾಗಿ ಒಳಗಿದ್ದಾಳೆ ಎಂದು ನಾನು ತಿಳಿದಿದ್ದೆ. ಅವಳಿಗೆ ಇದ್ದದ್ದು ಹೆದರಿಕೆ. ಮಗಳನ್ನು ತನ್ನದೇ ಕೈ ತಾಗದಂತೆ ಕಾಪಾಡಲು ನಿಂತಿದ್ದಳು ಅಲ್ಲಿ.

ಅಮ್ಮಾರು ನನ್ನ ಕಡೆ ನೋಡಿದರು. ನಾನು ಹತ್ತಿರ ಕೂತು ತಗ್ಗಿದ ದನಿಯಲ್ಲಿ ಸಣ್ಣವ್ವನ ಮಾತನ್ನು ಹೇಳಿದೆ, ಅವರೇ ಕಲಿಸಿದಂತೆ ಬೇಲಿ ಹಾಕದೆ. ಹೋದ ಸಲ ನಾನೇ ಅವಳಿಗೆ ಬಳೆ ಇಡಿಸಿದೆ, ಕೂಸು ಉಳಿಯಲಿಲ್ಲ, ನನ್ನ ಕೈಗೆ ನಾನೇ ಹೆದರುತ್ತೇನೆ.

ಅವರು ಎದ್ದು ಅಡುಗೆಮನೆಯ ಹೊಸ್ತಿಲವರೆಗೆ ಹೋದರು. ದಾಟಲಿಲ್ಲ. ತಮ್ಮ ಎರಡೂ ಕೈ ಮುಂದೆ ಚಾಚಿದರು. ದೊಡ್ಡ ಕೈಗಳು, ಬೆರಳ ಗೆಣ್ಣುಗಳಲ್ಲಿ ಪಾತ್ರೆ ತಿಕ್ಕಿದ ಬೂದಿ ಇನ್ನೂ ಇತ್ತು. ನಾನು ಅವರ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ನಿಂತೆ.

"ನನ್ನ ಗಂಡ ಹೋದ ಮರುವರ್ಷ ನನ್ನ ಮಗಳಿಗೆ ಬ್ಯಾನಿ ಬಂತು," ಎಂದು ಅವರ ಮಾತನ್ನು ಹೇಳತೊಡಗಿದೆ. ಅವ್ವ ಈ ಸಲ ಬಿಡ್ತು ಅನ್ನಿಸಲಿಲ್ಲ. "ಮಳಿ ಹಿಡದಿತ್ತು. ಹಳ್ಳಾ ತುಂಬಿತ್ತು. ದವಾಖಾನಿ ಗಾಡಿ ಆಚಿ ದಂಡಿಗೆ ನಿಂತಬಿಡ್ತು. ಮನ್ಯಾಗ ನಾ ಒಬ್ಬಾಕಿನ. ಕೂಸು ಈ ಕೈಯಾಗ ಬಿತ್ತು."

ಸಣ್ಣವ್ವ ಆ ಕೈಗಳನ್ನು ನೋಡಿದಳು. ಅಷ್ಟು ದಿನ ಒಲೆಯ ಮುಂದೆ ಜೊತೆಗಿದ್ದ ಕೈಗಳೇ. ಆಮೇಲೆ ನನ್ನ ಕಡೆ ತಿರುಗದೆ ನೇರವಾಗಿ ಅವರನ್ನೇ ಕೇಳಿದಳು.

"ಕೂಸು ಉಳೀತೇನ್ರಿ?"

ನಾನು ತಿರುಗಿಸುವ ಮೊದಲೇ ಅಮ್ಮಾರಿಗೆ ಪ್ರಶ್ನೆ ಗೊತ್ತಾಗಿತ್ತು. ನಕ್ಕುಬಿಟ್ಟರು.

"ಉಳೀತೇನಂತ ಕೇಳ್ತಿ?" ಎಂದೆ ಅವರ ಪರವಾಗಿ. "ಈಗ ಸಕ್ಕರಿ ಡಬ್ಬಿ ಎಲ್ಲಿ ಮುಚ್ಚಿಟ್ರೂ ಹುಡುಕಿ ತಿಂತಾನ. ಅಂಥಾ ಕಳ್ಳ."

ಸಣ್ಣವ್ವನ ತುಟಿ ಸ್ವಲ್ಪ ಸಡಿಲವಾಯಿತು. "ನಿಮಗ ಅಂಜಿಕಿ ಬರಲಿಲ್ಲೇನ್ರಿ?"

"ಬಂತು. ಕೈ ಗಡಗಡ ನಡಗಿದ್ವು."

"ಮತ್ತ?"

"ನಡುಗೂ ಕೈಲೇ ಹಿಡದ್ನಿ."

ಅದಾದ ಮೇಲೆ ಅಮ್ಮಾರು ಬಾ ಎನ್ನಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ದಾರಿಬಿಟ್ಟು ಪಕ್ಕಕ್ಕೆ ಸರಿದು ನಿಂತರು. ಸಣ್ಣವ್ವ ನಿಂತಲ್ಲೇ ನಿಂತಿದ್ದಳು. ಎಲ್ಲರೂ ನೋಡುತ್ತಿದ್ದದ್ದು ನನ್ನ ಅವ್ವನನ್ನು, ತಾಟು ಅವಳ ಕೈಯಲ್ಲಿತ್ತಲ್ಲ. ಕಳೆಯ ಹೊಲದಲ್ಲಾಗಲಿ ಕುಬಸದ ಮನೆಯಲ್ಲಾಗಲಿ ಅವ್ವ ಒಮ್ಮೆ ಹಿಡಿದ ಸಾಲು ಬಿಟ್ಟವಳಲ್ಲ. ಅವಳು ತಾಟನ್ನು ನೋಡಿದಳು, ಹುಡುಗಿಯನ್ನು ನೋಡಿದಳು. ದಡಬಡನೆ ಅಡುಗೆಮನೆಯ ಬಾಗಿಲಿಗೆ ನಡೆದಳು.

"ಕೈ ತೊಳ್ಕೊ," ಅಂದಳು ತಂಗಿಗೆ, ಒರಟಾಗಿ. "ಹಿಟ್ಟು ಹತ್ತೇತಿ. ಅಕ್ಕಿಗೆಲ್ಲಾ ಹತ್ತಸ್ತೀ ಏನು?"

ಸಣ್ಣವ್ವ ಕೈ ತೊಳೆದುಕೊಂಡಳು. ಬಹಳ ಹೊತ್ತು ತೊಳೆದಳು. ಸೆರಗಿಗೆ ಒರೆಸಿಕೊಂಡು, ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು ಮಗಳ ಮುಂದೆ ಮೊಣಕಾಲೂರಿದಳು. ಮಗಳು ಹಸಿರು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಉಡಿ ಮಾಡಿದಳು. ಮೊದಲ ಬೊಗಸೆಯ ಅರ್ಧ ಅಕ್ಕಿ ಜಮಖಾನದ ಮೇಲೆ ಚೆಲ್ಲಿತು, ಅಷ್ಟು ಕೈ ನಡುಗುತ್ತಿತ್ತು. ಯಾರೂ ಹೆಕ್ಕಲು ಹೋಗಲಿಲ್ಲ. ಉಡಿ ತುಂಬುವವರು ಹಾರೈಸಬೇಕು. ಅವಳಿಗೆ ಆ ಮಾತುಗಳ ರೂಢಿಯೇ ತಪ್ಪಿಹೋಗಿತ್ತು.

"ಚಲೋ ಇರ್ರಿ," ಅಂದಳು. "ಇಬ್ಬರೂ ಚಲೋ ಇರ್ರಿ." ಅಷ್ಟೇ ಬಂತು.

ಅಮ್ಮಾರು ನನ್ನ ಕಡೆ ಕಣ್ಣಲ್ಲೇ ಕೇಳಿದರು. ಹೇಳಿದೆ. ಅವರು ಆಮೆನ್ ಅಂದರು.

"ಐದು ಆತು, ಸಾಕ," ಎಂದಳು ಅವ್ವ, ಐದನೆಯ ಬೊಗಸೆಗೆ. "ಉಳದವರೂ ತುಂಬಬೇಕು."

ಹುಡುಗಿ ಉಡಿ ಮುಚ್ಚಲಿಲ್ಲ. "ನಿಮ್ಮ ಲೆಕ್ಕ ನಿಮಗಿರ್ಲಿ ದೊಡ್ಡವ್ವ. ಯವ್ವಾ, ನೀ ಹಾಕ."

ಸಣ್ಣವ್ವ ಇನ್ನೊಂದು ಬೊಗಸೆ ಹಾಕಿದಳು. ಕೈ ಈಗ ಅಷ್ಟು ನಡುಗುತ್ತಿರಲಿಲ್ಲ. ಮಗಳು ಹಿಡಿದೇ ಇದ್ದಳು, ತಾಯಿ ಹಾಕುತ್ತಲೇ ಇದ್ದಳು. ಹಸಿರು ಸೆರಗು ಭಾರಕ್ಕೆ ಜಗ್ಗಿ ನೆಲ ಮುಟ್ಟಿತು. ತಾಟಿನ ತಳ ಕಂಡಾಗ ಅವ್ವ ಹಣೆ ಬಡಿದುಕೊಂಡು, ಏನೇನೋ ಗೊಣಗುತ್ತಾ, ಇನ್ನೊಂದು ಅಕ್ಕಿಯ ಚೀಲ ಬಿಚ್ಚಲು ಒಳಗೆ ಹೋದಳು.